ಸನದು, ಹುನರು, ತಜುರ್ಬಾ: ಐಟಿ ಸಂಬಳ ಯಾವುದಕ್ಕೆ ಸಿಗುತ್ತದೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ವಾರ್ಷಿಕ ಪರೀಕ್ಷೆ ಹತ್ತಿರ ಬಂದಂತೆ ನಮ್ಮ ತರಗತಿಯಲ್ಲಿ ಪಾಠಕ್ಕಿಂತ ಹೆಚ್ಚು ಚರ್ಚೆಯಾಗುತ್ತಿರುವುದು 'ಮುಂದೇನು' ಎಂಬ ವಿಷಯ. ಐಟಿ ಕಡೆಗೆ ಹೋಗಬೇಕೆನ್ನುವವರು ಮೂರು ಗುಂಪಾಗಿದ್ದಾರೆ. ಬಿಸಿಎ ಮಾಡಿ ಎಂಸಿಎ ಮಾಡಬೇಕು, ಡಿಗ್ರಿ ಇಲ್ಲದವರನ್ನು ಯಾರೂ ಕೇಳುವುದಿಲ್ಲ ಎನ್ನುವುದು ಮೊದಲ ಗುಂಪು. ಡಿಗ್ರಿಯಲ್ಲಿ ಮೂರು ವರ್ಷ ಯಾಕೆ ಹಾಳು, ಆರು ತಿಂಗಳ ಕೋರ್ಸ್ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡರೆ ಸಾಕು ಎನ್ನುವುದು ಎರಡನೆಯದು. ಏನೂ ಬೇಡ, ಎಲ್ಲಾದರೂ ಕೆಲಸಕ್ಕೆ ಸೇರು, ಅನುಭವ ಒಂದಿದ್ದರೆ ಸಂಬಳ ತಾನಾಗಿ ಬರುತ್ತದೆ ಎನ್ನುವುದು ಮೂರನೆಯದು.

ನಮ್ಮ ಮನೆಯ ಉರ್ದುವಿನಲ್ಲಿ ಈ ಮೂರಕ್ಕೂ ಹಳೆಯ ಹೆಸರುಗಳಿವೆ. ಡಿಗ್ರಿ ಎಂದರೆ ಸನದ್, ಕೈಯಲ್ಲಿರುವ ವಿದ್ಯೆ ಹುನರ್, ಅನುಭವ ತಜುರ್ಬಾ. ಸನದ್ ಕನ್ನಡಕ್ಕೂ ಹೊಸದಲ್ಲ. ವಕೀಲರು ಪಡೆಯುವ 'ಸನ್ನದು' ಅದೇ ಮಾತು. ಗ್ಯಾರೇಜ್ ನಡೆಸುವ ನನ್ನ ಚಾಚಾ ಅವರನ್ನು ಕೇಳಿದರೆ ತಜುರ್ಬಾ ಬಿಟ್ಟು ಉಳಿದದ್ದೆಲ್ಲ ಕಾಗದ ಎನ್ನುತ್ತಾರೆ. ಆದರೆ ಅವರ ಮಗನನ್ನು ಕಾಲೇಜಿಗೇ ಕಳಿಸಿದ್ದಾರೆ. ಈ ಒಂದು ವಿಷಯದಲ್ಲಿ ದೊಡ್ಡವರ ಮಾತಿಗಿಂತ ಅವರು ಮಾಡಿರುವುದನ್ನು ನೋಡುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಯಾವುದು ಮುಖ್ಯ ಎಂದು ಕೇಳುವ ಮೊದಲು 'ಯಾವ ಸಂಬಳಕ್ಕೆ' ಎಂದು ಕೇಳಬೇಕು. ಮೊದಲ ಸಂಬಳಕ್ಕೋ, ಐದನೇ ವರ್ಷದ್ದಕ್ಕೋ, ಹದಿನೈದನೇ ವರ್ಷದ್ದಕ್ಕೋ? ಮೂರಕ್ಕೂ ಉತ್ತರ ಬೇರೆ ಬೇರೆ. ಜಗಳ ಮುಗಿಯದಿರಲು ಕಾರಣವೂ ಅದೇ. ಒಬ್ಬರು ಮೊದಲ ವರ್ಷದ ಬಗ್ಗೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಹತ್ತನೇ ವರ್ಷದ ಬಗ್ಗೆ.

ಮೊದಲ ಸಂಬಳದಿಂದಲೇ ಪ್ರಾರಂಭಿಸೋಣ. ನಮ್ಮ ದೇಶದ ದೊಡ್ಡ ಐಟಿ ಸೇವಾ ಕಂಪನಿಗಳು, ಅಂದರೆ ಟಿಸಿಎಸ್, ಇನ್ಫೋಸಿಸ್, ವಿಪ್ರೋ, ಹೊಸದಾಗಿ ಓದು ಮುಗಿಸಿದ ಇಂಜಿನಿಯರಿಗೆ ಕೊಡುವುದು ವರ್ಷಕ್ಕೆ ಸುಮಾರು 3.5 ಲಕ್ಷ ರೂಪಾಯಿ. ಹತ್ತು ಹನ್ನೆರಡು ವರ್ಷಗಳ ಹಿಂದೆಯೂ ಅದು ಸುಮಾರು 3 ಲಕ್ಷ ಇತ್ತು. ಅರ್ಥಶಾಸ್ತ್ರ ತರಗತಿಯಲ್ಲಿ ಕಲಿತ 72ರ ಸೂತ್ರವನ್ನು ಇಲ್ಲಿ ಹಾಕಿ ನೋಡಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಎರಡರಷ್ಟಾಗುತ್ತವೆ. ಆ ಲೆಕ್ಕದಲ್ಲಿ ಇವತ್ತಿನ ಫ್ರೆಶರ್ ತನಗಿಂತ ಹನ್ನೆರಡು ವರ್ಷ ಹಿರಿಯ ಫ್ರೆಶರ್‌ಗಿಂತ ಬಡವ. ಕಾರಣ ಸರಳ: ಪ್ರತಿ ವರ್ಷ ಲಕ್ಷಾಂತರ ಮಂದಿ ಅದೇ ಡಿಗ್ರಿ ಹಿಡಿದು ಹೊರಬರುತ್ತಾರೆ. ಪೂರೈಕೆ ಹೆಚ್ಚಾದರೆ ಬೆಲೆ ಏರದು. ಟೊಮೆಟೊಗೂ ಇದೇ ನಿಯಮ, ಡಿಗ್ರಿಗೂ ಇದೇ ನಿಯಮ.

ಇನ್ನು 3.6 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಬರುವುದಿಲ್ಲ. ಮೂಲ ವೇತನ 15,000 ಎಂದು ಇಟ್ಟುಕೊಳ್ಳಿ. ಕಂಪನಿಯು ಭವಿಷ್ಯನಿಧಿಗೆ ಕಟ್ಟುವ ಶೇ. 12, ಅಂದರೆ 1,800 ರೂಪಾಯಿ ಆ 30,000ದ ಒಳಗೇ ಇದೆ. ಗ್ರಾಚ್ಯುಟಿಗೆ ಶೇ. 4.81ರಂತೆ 722 ರೂಪಾಯಿ ಕೂಡ ಅದರೊಳಗೇ. ಉಳಿದ 27,478ರಲ್ಲಿ ನಮ್ಮ ಪಾಲಿನ ಭವಿಷ್ಯನಿಧಿ 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋದರೆ ಕೈಗೆ 25,478. ವಿಮೆ, ವೇರಿಯಬಲ್ ಪೇ ಎಂಬ ಹೆಸರಿನಲ್ಲಿ ಇನ್ನೂ ಸ್ವಲ್ಪ ಹೋಗಬಹುದು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂಬ ಲೆಕ್ಕವನ್ನು ನಿಮಗೇ ಬಿಡುತ್ತೇನೆ.

ಈ ಮೊದಲ ಸಂಬಳದ ಬಾಗಿಲಲ್ಲಿ ನಿಂತು ಒಳಗೆ ಬಿಡುವುದು ಡಿಗ್ರಿಯೇ. ಡಿಗ್ರಿ ಮಾತ್ರ ಅಲ್ಲ, ಅದರ ಹಿಂದಿನದ್ದೂ ಸೇರಿ. ಕ್ಯಾಂಪಸ್‌ಗೆ ಬರುವ ಹಲವು ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಕೇಳುತ್ತವೆ. ಅಂದರೆ ಬರುವ ತಿಂಗಳು ನಾವು ಬರೆಯುವ ಲೆಕ್ಕಶಾಸ್ತ್ರದ ಪತ್ರಿಕೆಯನ್ನು ಮೂರು ವರ್ಷದ ನಂತರ ಕಂಪ್ಯೂಟರ್ ಕಂಪನಿಯೊಂದು ನೋಡುತ್ತದೆ. ಶೇ. 58 ಬಂದವರು ಎಷ್ಟೇ ಚೆನ್ನಾಗಿ ಕೋಡ್ ಬರೆದರೂ ಅಲ್ಲಿ ಅರ್ಜಿಯ ನಮೂನೆಯೇ ಅವರನ್ನು ನಿಲ್ಲಿಸುತ್ತದೆ. ಇದು ನ್ಯಾಯವೇ ಎಂದರೆ ನನ್ನ ಮಟ್ಟಿಗೆ ಅಲ್ಲ. ಆದರೆ ಇರುವುದು ಹೀಗೆ.

ಯಾವ ಡಿಗ್ರಿ ಎಂಬುದಕ್ಕೂ ಬೆಲೆ ಇದೆ. 2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿ ವರ್ಷಕ್ಕೆ 2.52 ಲಕ್ಷ ಸಂಬಳಕ್ಕೆ ಜನರನ್ನು ಕರೆದಾಗ ದೇಶವೆಲ್ಲ ನಕ್ಕಿತ್ತು. ಆಗ ಕಂಪನಿ ಸ್ಪಷ್ಟನೆ ಕೊಟ್ಟಿತು: ಅದು ಮೂರು ವರ್ಷದ ಇಂಜಿನಿಯರಿಂಗ್ ಅಲ್ಲದ ಪದವಿಯವರಿಗೆ, ಇಂಜಿನಿಯರುಗಳಿಗೆ 4ರಿಂದ 12 ಲಕ್ಷ. ನಕ್ಕವರಿಗೆ ಸಮಾಧಾನವಾಯಿತೋ ಏನೋ, ನಾನು ಆ ಸುದ್ದಿಯ ಬಗ್ಗೆ ಓದಿದಾಗ ನನಗೆ ಆಗಲಿಲ್ಲ. ಮೂರು ವರ್ಷದ ಪದವಿಯವರು ಎಂದರೆ ನಾವೇ ತಾನೆ. ಬಿಕಾಂ, ಬಿಸಿಎ ಸೇರಲಿರುವ ವಾಣಿಜ್ಯ ವಿಭಾಗದವರು.

ಹಾಗಾದರೆ ಒಂದೇ ಡಿಗ್ರಿ ಇದ್ದವರಿಗೆಲ್ಲ ಒಂದೇ ಸಂಬಳವೇ? ಅದೂ ಅಲ್ಲ. ಟಿಸಿಎಸ್‌ನವರು ನಡೆಸುವ ಪರೀಕ್ಷೆಯಲ್ಲಿ ಬರುವ ಅಂಕದ ಮೇಲೆ ನಿಂಜಾ, ಡಿಜಿಟಲ್, ಪ್ರೈಮ್ ಎಂದು ಮೂರು ದಾರಿಗಳಿವೆ. ನಿಂಜಾಗೆ ಸುಮಾರು 3.4 ಲಕ್ಷ, ಡಿಜಿಟಲ್‌ಗೆ ಸುಮಾರು 7 ಲಕ್ಷ, ಪ್ರೈಮ್‌ಗೆ 9 ಲಕ್ಷಕ್ಕೂ ಹೆಚ್ಚು. ಒಂದೇ ಕಾಲೇಜು, ಒಂದೇ ಬೆಂಚು, ಒಂದೇ ಪದವಿ, ಸಂಬಳ ಮಾತ್ರ ಎರಡೂವರೆ ಪಟ್ಟು ಬೇರೆ. ಮನೆಯೊಳಗೆ ಬಿಟ್ಟದ್ದು ಸನದು, ಯಾವ ಕೋಣೆ ಎಂದು ತೀರ್ಮಾನಿಸಿದ್ದು ಹುನರು. ಒಳಗೆ ಹೋದ ಮೇಲೂ ಸನದು ಕಾಪಾಡುವುದಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಲ್ಲಿ ತರಬೇತಿಯಲ್ಲಿದ್ದ 300ಕ್ಕೂ ಹೆಚ್ಚು ಮಂದಿ ಆಂತರಿಕ ಪರೀಕ್ಷೆಯಲ್ಲಿ ಪಾಸಾಗದ ಕಾರಣ ಕೆಲಸ ಕಳೆದುಕೊಂಡರು. ಅವರ ಕೈಯಲ್ಲೂ ಡಿಗ್ರಿ ಇತ್ತು.

ಕಂಪನಿಗಳು ಡಿಗ್ರಿಗೆ ಹಣ ಕೊಡುವುದಾದರೂ ಯಾಕೆ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಕೊಟ್ಟವರಿಗೆ ನೊಬೆಲ್ ಬಹುಮಾನ ಬಂದಿದೆ. ಗ್ಯಾರಿ ಬೆಕರ್ 1964ರಲ್ಲಿ 'ಮಾನವ ಬಂಡವಾಳ' ಎಂಬ ವಿಚಾರವನ್ನು ವಿಸ್ತರಿಸಿ ಬರೆದರು. ಓದು ಯಂತ್ರ ಕೊಂಡಂತೆ, ಅದು ನಮ್ಮ ಉತ್ಪಾದನಾ ಶಕ್ತಿಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಸಂಬಳ ಹೆಚ್ಚು. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬೇರೆ ಮಾತು ಹೇಳಿದರು. ಕಂಪನಿಗೆ ಅರ್ಜಿದಾರ ಒಳ್ಳೆಯವನೋ ಕೆಟ್ಟವನೋ ಗೊತ್ತಿರುವುದಿಲ್ಲ. ಕಷ್ಟಪಟ್ಟು ಡಿಗ್ರಿ ಮುಗಿಸಿದವನು ಶಿಸ್ತಿನವನಾಗಿರಬೇಕು ಎಂದು ಅದು ಊಹಿಸುತ್ತದೆ. ಕಲಿತದ್ದು ಕೆಲಸಕ್ಕೆ ಬಾರದಿದ್ದರೂ ಡಿಗ್ರಿ ಒಂದು ಸಂಕೇತವಾಗಿ ಕೆಲಸ ಮಾಡುತ್ತದೆ. ಸಂಕೇತಕ್ಕೆ ಬೆಲೆ ಬರಬೇಕಾದರೆ ಅದನ್ನು ಪಡೆಯುವುದು ಸೋಮಾರಿಗೆ ಕಷ್ಟವಾಗಿರಬೇಕು.

ಈ ಕೊನೆಯ ವಾಕ್ಯವನ್ನು ಸರ್ಟಿಫಿಕೇಟುಗಳ ಮೇಲೆ ಇಟ್ಟು ನೋಡಿದರೆ ಬಹಳ ಗೊಂದಲ ತಿಳಿಯಾಗುತ್ತದೆ. ನಾವು 'ಸರ್ಟಿಫಿಕೇಟ್' ಎನ್ನುವ ಒಂದೇ ಪದದಲ್ಲಿ ಬೇರೆ ಬೇರೆ ವಸ್ತುಗಳನ್ನು ತುಂಬಿದ್ದೇವೆ. ವೀಡಿಯೊ ಪೂರ್ತಿ ನೋಡಿದ್ದಕ್ಕೆ ಕೊಡುವ ಕಾಗದ ಒಂದು. ಅದನ್ನು ಯಾರು ಬೇಕಾದರೂ ಪಡೆಯಬಹುದು, ಫೋನ್ ಚಾರ್ಜ್ ಇದ್ದರೆ ಸಾಕು. ಆದ್ದರಿಂದ ಅದು ಏನನ್ನೂ ಸೂಚಿಸುವುದಿಲ್ಲ. ಮೇಲ್ವಿಚಾರಣೆಯಲ್ಲಿ ಕುಳಿತು ಬರೆಯುವ ಪರೀಕ್ಷೆಯದ್ದು ಇನ್ನೊಂದು. ಅಮೆಜಾನ್‌ನ ಎಡಬ್ಲ್ಯುಎಸ್, ಸಿಸ್ಕೋದ ಸಿಸಿಎನ್‌ಎ, ಮೈಕ್ರೋಸಾಫ್ಟ್‌ನ ಅಝೂರ್ ಪರೀಕ್ಷೆಗಳು ಈ ಜಾತಿಯವು. ಇನ್ನೊಂದು ಬಗೆಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎಡಬ್ಲ್ಯುಎಸ್‌ನ ಅಸೋಸಿಯೇಟ್ ಹಂತದ ಪರೀಕ್ಷೆಗೆ ಶುಲ್ಕ 150 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 12,750, ಶೇ. 18 ತೆರಿಗೆ ಸೇರಿ 15,045. ಇದರ ಮಾನ್ಯತೆ 3 ವರ್ಷ. ನಾವು ಲೆಕ್ಕಶಾಸ್ತ್ರದಲ್ಲಿ ಸವಕಳಿ ಕಲಿತಿದ್ದೇವಲ್ಲ, ಸರಳ ರೇಖಾ ಪದ್ಧತಿಯಲ್ಲಿ ಉಳಿಕೆ ಮೌಲ್ಯ ಸೊನ್ನೆ ಎಂದು ಹಾಕಿದರೆ ವರ್ಷಕ್ಕೆ 5,015 ರೂಪಾಯಿ ಸವಕಳಿ. ಡಿಗ್ರಿ ಹಾಗಲ್ಲ. ಅದು ಜಮೀನಿನ ಹಾಗೆ, ಪುಸ್ತಕದಲ್ಲಿ ಅದಕ್ಕೆ ಸವಕಳಿ ಬರೆಯುವುದಿಲ್ಲ. 1998ರಲ್ಲಿ ಪದವಿ ಪಡೆದವರು ಇಂದಿಗೂ ಪದವೀಧರರೇ. ಆದರೆ ಜಮೀನು ಇದ್ದ ಮಾತ್ರಕ್ಕೆ ಬೆಳೆ ಬರುವುದಿಲ್ಲ ಎಂಬುದೂ ಗೊತ್ತಿರುವ ವಿಷಯವೇ.

ವರ್ಷಕ್ಕೆ 5,000 ಸವಕಳಿ ದೊಡ್ಡದಲ್ಲ, ಅದು ಸಂಬಳ ಏರಿಸಿದರೆ. ಏರಿಸುವುದು ಯಾರಿಗೆ? ಈಗಾಗಲೇ ಕೆಲಸದಲ್ಲಿದ್ದು, ಕಂಪನಿಯ ಗ್ರಾಹಕರು 'ಕ್ಲೌಡ್ ಬಲ್ಲವರು ಬೇಕು' ಎಂದು ಕೇಳುತ್ತಿರುವಾಗ ಎದ್ದು ನಿಲ್ಲುವವರಿಗೆ. ಅಂಥವರ ಪರೀಕ್ಷಾ ಶುಲ್ಕವನ್ನು ಹಲವು ವೇಳೆ ಕಂಪನಿಯೇ ಕಟ್ಟುತ್ತದೆ. ಏನೂ ಅನುಭವವಿಲ್ಲದ ಹದಿನೆಂಟು ವರ್ಷದವರ ಕೈಯಲ್ಲಿ ಅದೇ ಸರ್ಟಿಫಿಕೇಟು ಡ್ರೈವಿಂಗ್ ಲೈಸೆನ್ಸ್ ಇದ್ದು ಗಾಡಿ ಮುಟ್ಟದವರ ಹಾಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮ ಊರಿನ ಒಂದು ತರಬೇತಿ ಸಂಸ್ಥೆಯವರು ನನಗೂ ಅಬ್ಬಾ ಅವರಿಗೂ 'ಆರು ತಿಂಗಳು, 85,000 ರೂಪಾಯಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದು ಹೇಳಿದರು. ಕೊಡುವ ಸರ್ಟಿಫಿಕೇಟು ಯಾರದ್ದು ಎಂದು ಕೇಳಿದರೆ ಅವರ ಸಂಸ್ಥೆಯದ್ದೇ. ಪರೀಕ್ಷೆ ಯಾರು ನಡೆಸುತ್ತಾರೆ ಎಂದರೆ ಅವರೇ. ಪ್ಲೇಸ್‌ಮೆಂಟ್ ಯಾವ ಹುದ್ದೆಗೆ, ಎಷ್ಟು ಸಂಬಳಕ್ಕೆ ಎಂದು ಬರೆದು ಕೊಡಿ ಎಂದಾಗ ಚಹಾ ತರಿಸಿದರು, ಬರೆದು ಕೊಡಲಿಲ್ಲ. ಅದೇ ವಿಷಯಗಳನ್ನು ಐಐಟಿಗಳು ಮತ್ತು ಐಐಎಸ್ಸಿಯ ಪ್ರಾಧ್ಯಾಪಕರು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಕಲಿಸುತ್ತಾರೆ. ಪರೀಕ್ಷೆ ಬರೆಯಬೇಕೆಂದರೆ ಮಾತ್ರ ಒಂದು ಕೋರ್ಸಿಗೆ 1,000 ರೂಪಾಯಿ, ಅದೂ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ. ನಮ್ಮ ಮನೆಯಲ್ಲಿ ನನ್ನ ಓದಿಗೂ ತಮ್ಮನ ಓದಿಗೂ ಇರುವುದು ಒಂದೇ ಗಂಟು. 85,000 ಅದರಿಂದ ಹೋದರೆ ಮೂರು ವರ್ಷದ ಬಿಸಿಎ ಶುಲ್ಕ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಓದಿದ 'ಅವಕಾಶ ವೆಚ್ಚ' ಎಂದರೆ ಏನೆಂದು ಆ ಸಂಜೆ ಯಾರೂ ವಿವರಿಸಬೇಕಾಗಲಿಲ್ಲ.

ಈಗ ಆ ಮೂರನೇ ಬಗೆಯ ಸರ್ಟಿಫಿಕೇಟಿಗೆ ಬರೋಣ. ನನಗೆ ಈ ಲೇಖನಕ್ಕಾಗಿ ಓದುವಾಗ ಅತಿ ಕುತೂಹಲ ಹುಟ್ಟಿಸಿದ್ದು ಇದೇ. ಅತಿ ಹೆಚ್ಚು ಸಂಬಳ ತರುವ ಸರ್ಟಿಫಿಕೇಟುಗಳನ್ನು ಪರೀಕ್ಷೆ ಪಾಸಾದರೂ ನಮಗೆ ಕೊಡುವುದಿಲ್ಲ! ಪ್ರಾಜೆಕ್ಟ್ ನಿರ್ವಹಣೆಯ ಪಿಎಂಪಿ ಸರ್ಟಿಫಿಕೇಟಿಗೆ, ನಾಲ್ಕು ವರ್ಷದ ಅಥವಾ ಅದಕ್ಕೆ ಸಮಾನವಾದ ಪದವಿ ಇದ್ದವರು 36 ತಿಂಗಳ ಪ್ರಾಜೆಕ್ಟ್ ಅನುಭವ ತೋರಿಸಬೇಕು. ಪ್ರೌಢ ಶಿಕ್ಷಣ ಮಾತ್ರ ಇದ್ದವರು 60 ತಿಂಗಳು ತೋರಿಸಬೇಕು. ಸೈಬರ್ ಭದ್ರತೆಯ ಸಿಐಎಸ್‌ಎಸ್‌ಪಿಗೆ 5 ವರ್ಷದ ಅನುಭವ ಬೇಕು, ಪದವಿ ಇದ್ದರೆ ಅದರಲ್ಲಿ 1 ವರ್ಷ ಬಿಡುತ್ತಾರೆ. ಅನುಭವವಿಲ್ಲದೆ ಪರೀಕ್ಷೆ ಪಾಸಾದವರಿಗೆ 'ಅಸೋಸಿಯೇಟ್' ಎಂಬ ಹೆಸರು ಕೊಟ್ಟು ಕಾಯಿಸುತ್ತಾರೆ.

ಇದನ್ನು ವಿನಿಮಯ ದರದ ಹಾಗೆ ಓದಬಹುದು. ಪಿಎಂಪಿಯ ಅಂಗಡಿಯಲ್ಲಿ ಒಂದು ಪದವಿ = 2 ವರ್ಷದ ಅನುಭವ. ಸಿಐಎಸ್‌ಎಸ್‌ಪಿಯ ಅಂಗಡಿಯಲ್ಲಿ ಒಂದು ಪದವಿ = 1 ವರ್ಷ. ಅಮೆರಿಕದ ಎಚ್-1ಬಿ ವೀಸಾ ನಿಯಮದಲ್ಲಿ ದರ ಬಹಳ ಕಠಿಣ: ಕಾಲೇಜಿನ 1 ವರ್ಷಕ್ಕೆ ಸಮನಾಗಲು 3 ವರ್ಷದ ಪರಿಣತ ಕೆಲಸದ ಅನುಭವ ಬೇಕು. ಅಲ್ಲಿನ ಪದವಿ 4 ವರ್ಷದ್ದು, ಆದ್ದರಿಂದ ಪದವಿಯೇ ಇಲ್ಲದವರು 12 ವರ್ಷ ದುಡಿದಿರಬೇಕು. ನಮ್ಮ 3 ವರ್ಷದ ಬಿಸಿಎ ಇದ್ದವರೂ ಉಳಿದ ಒಂದು ವರ್ಷವನ್ನು ತುಂಬಿಸಿ ತೋರಿಸಬೇಕಾಗುತ್ತದೆ. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿಯನ್ನು 2021ರಲ್ಲಿ ತಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ಆಗ ಶುಲ್ಕದ ಒಂದು ವರ್ಷ ಉಳಿಯಿತು ಎಂದು ಎಲ್ಲರೂ ಸಂತೋಷಪಟ್ಟರು. ಈ ಇನ್ನೊಂದು ಕಾಲಂ ಅನ್ನು ಯಾರೂ ಬರೆದ ಹಾಗೆ ಕಾಣಲಿಲ್ಲ. ಜರ್ಮನಿ ಬೇರೆ ದಾರಿ ಹಿಡಿದಿದೆ. 2023ರ ನವೆಂಬರ್‌ನಿಂದ ಐಟಿ ಕೆಲಸಗಾರರು ಪದವಿ ಇಲ್ಲದಿದ್ದರೂ, ಹಿಂದಿನ 7 ವರ್ಷಗಳಲ್ಲಿ 3 ವರ್ಷ ಸಂಬಂಧಪಟ್ಟ ಅನುಭವ ಇದ್ದು ನಿಗದಿತ ಸಂಬಳದ ಕೆಲಸ ಸಿಕ್ಕರೆ ಅಲ್ಲಿನ ಬ್ಲೂ ಕಾರ್ಡ್ ಪಡೆಯಬಹುದು.

ಕೊಲ್ಲಿ ದೇಶಗಳ ವಿಷಯ ನಮ್ಮ ಕಾಲೇಜಿನ ಬಹಳ ಮನೆಗಳಿಗೆ ಹತ್ತಿರದ್ದು. ಅಲ್ಲಿ ಪರಿಣತ ಹುದ್ದೆಯ ವೀಸಾಗೆ ಹೋಗುವಾಗ ಪದವಿ ಪ್ರಮಾಣಪತ್ರಕ್ಕೆ ದೃಢೀಕರಣ ಮಾಡಿಸಬೇಕು. ಯುಎಇಗಾದರೆ ರಾಜ್ಯ ಮಟ್ಟದಲ್ಲಿ ಒಂದು ಮೊಹರು, ವಿದೇಶಾಂಗ ಸಚಿವಾಲಯದ್ದು ಒಂದು, ರಾಯಭಾರ ಕಚೇರಿಯದ್ದು ಒಂದು. ಮೊಹರು ಹಾಕಲು ಕಾಗದ ಬೇಕು, ಅನುಭವದ ಮೇಲೆ ಮೊಹರು ಹಾಕಲಾಗುವುದಿಲ್ಲ. ದಮ್ಮಾಮ್‌ನಲ್ಲಿರುವ ನನ್ನ ಮಾಮು ಹೇಳುವಂತೆ, ಒಂದೇ ಸರ್ವರ್ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ಇಖಾಮಾದಲ್ಲಿ ಒಬ್ಬರದು 'ಇಂಜಿನಿಯರ್', ಇನ್ನೊಬ್ಬರದು 'ಟೆಕ್ನಿಷಿಯನ್'. ಕುಟುಂಬವನ್ನು ಕರೆಸಿಕೊಳ್ಳುವುದು ಸುಲಭವಾಗುವುದು ಮೊದಲನೆಯವರಿಗೆ.

'ಅಮೆರಿಕದಲ್ಲೇ ಡಿಗ್ರಿ ಕೇಳುವುದನ್ನು ಬಿಟ್ಟಿದ್ದಾರೆ' ಎಂಬ ಮಾತನ್ನು ಎರಡನೇ ಗುಂಪಿನ ಗೆಳತಿಯರು ಆಗಾಗ ಹೇಳುತ್ತಾರೆ. ಅರ್ಧ ನಿಜ. ಐಬಿಎಂನಂಥ ಕಂಪನಿಗಳು ಹಲವು ಹುದ್ದೆಗಳಿಂದ ಪದವಿಯ ಷರತ್ತನ್ನು ತೆಗೆದವು. ಮೇರಿಲ್ಯಾಂಡ್ ರಾಜ್ಯವು 2022ರಲ್ಲಿ ಸಾವಿರಾರು ಸರ್ಕಾರಿ ಹುದ್ದೆಗಳಿಂದ ತೆಗೆಯಿತು. ಆದರೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದರೆ, ಈ ಬದಲಾವಣೆಯಿಂದ ನಿಜವಾಗಿ ಪದವಿ ಇಲ್ಲದವರಿಗೆ ಸಿಕ್ಕ ಅವಕಾಶ 700 ನೇಮಕಾತಿಗಳಲ್ಲಿ ಒಂದಕ್ಕೂ ಕಡಿಮೆ. ಜಾಹೀರಾತಿನಿಂದ ಸಾಲು ಅಳಿಸುವುದು ಸುಲಭ, ಸಂದರ್ಶನ ಮಾಡುವವರ ತಲೆಯಿಂದ ಅಳಿಸುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಮೂರನೇ ಗುಂಪಿಗೆ ಬರುವ ಸರದಿ. ಐದನೇ ವರ್ಷದಿಂದ ಮುಂದೆ ಸಂಬಳವನ್ನು ನಿರ್ಧರಿಸುವುದು ಹೆಚ್ಚಾಗಿ ಅನುಭವವೇ. ಜೇಕಬ್ ಮಿನ್ಸರ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲಿ ಸಂಬಳವನ್ನು ಓದಿದ ವರ್ಷಗಳು ಮತ್ತು ದುಡಿದ ವರ್ಷಗಳ ಮೂಲಕ ವಿವರಿಸುವ ಒಂದು ಸಮೀಕರಣ ಕೊಟ್ಟರು. ಇಂದಿಗೂ ವೇತನದ ಸಂಶೋಧನೆಗಳು ಅಲ್ಲಿಂದಲೇ ಆರಂಭವಾಗುತ್ತವೆ. ಅದರಲ್ಲಿ ಅನುಭವ ಎರಡು ಸಲ ಬರುತ್ತದೆ, ಒಮ್ಮೆ ಕೂಡುವ ಚಿಹ್ನೆಯೊಂದಿಗೆ, ಇನ್ನೊಮ್ಮೆ ವರ್ಗವಾಗಿ ಕಳೆಯುವ ಚಿಹ್ನೆಯೊಂದಿಗೆ. ಅರ್ಥ ಇಷ್ಟೇ: ಮೊದಲ ವರ್ಷಗಳ ಅನುಭವ ಸಂಬಳವನ್ನು ವೇಗವಾಗಿ ಏರಿಸುತ್ತದೆ, ಬರಬರುತ್ತಾ ಏರಿಕೆ ನಿಧಾನವಾಗುತ್ತದೆ. ನಮ್ಮ ಅರ್ಥಶಾಸ್ತ್ರದ ಇಳಿಮುಖ ಪ್ರತಿಫಲದ ಗೆರೆಯೇ. ಐಟಿಯಲ್ಲಿ ಅದು ಬೇಗ ಕಾಣಿಸುತ್ತದೆ, ಏಕೆಂದರೆ ಒಂದೇ ವರ್ಷದ ಕೆಲಸವನ್ನು ಹತ್ತು ವರ್ಷ ಮಾಡಿದವರನ್ನು ಹತ್ತು ವರ್ಷದ ಅನುಭವಿ ಎಂದು ಮಾರುಕಟ್ಟೆ ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕಂಪನಿ ಬದಲಿಸುವಾಗ ಹೊಸಬರು ಮೊದಲು ಕೇಳುವುದು 'ಈಗ ಎಷ್ಟು ಬರುತ್ತಿದೆ' ಎಂದು. ಅದರ ಮೇಲೆ ಶೇಕಡಾವಾರು ಕೂಡಿಸುತ್ತಾರೆ. ಹಾಗಾಗಿ ಮೊದಲ ಸಂಬಳದ ನೆರಳು ಬಹಳ ದೂರ ಬೀಳುತ್ತದೆ. ಇಬ್ಬರಿಗೂ ವರ್ಷಕ್ಕೆ ಶೇ. 10 ಏರಿಕೆ ಎಂದು ಇಟ್ಟುಕೊಳ್ಳಿ. 2.5 ಲಕ್ಷದಿಂದ ಪ್ರಾರಂಭಿಸಿದವರು ಐದು ವರ್ಷಕ್ಕೆ 4.03 ಲಕ್ಷ ತಲುಪುತ್ತಾರೆ, 7 ಲಕ್ಷದಿಂದ ಪ್ರಾರಂಭಿಸಿದವರು 11.27 ಲಕ್ಷ. ಅಂತರ 4.5 ಲಕ್ಷ ಇದ್ದದ್ದು 7.24 ಲಕ್ಷವಾಯಿತು. ಅನುಭವ ಇಬ್ಬರಿಗೂ ಸಮ. ಚಕ್ರಬಡ್ಡಿ ಯಾರ ಪರವಾಗಿ ಕೆಲಸ ಮಾಡುತ್ತದೆ ನೋಡಿ.

ಅನುಭವಕ್ಕೆ ಇಷ್ಟು ಬೆಲೆ ಇರುವುದರಿಂದಲೇ ಅದರ ನಕಲಿ ಸರಕೂ ಬಂದಿದೆ. ಹಣ ಕೊಟ್ಟರೆ ಎರಡು ವರ್ಷದ ಅನುಭವ ಪತ್ರ ಮಾಡಿಕೊಡುವವರು ಇದ್ದಾರೆ. ಅಂಥ ದಾರಿ ಹಿಡಿಯುವವರು ಒಂದು ವಿಷಯ ಮರೆಯುತ್ತಾರೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆಯಲ್ಲಿ ಯಾವ ಕಂಪನಿ ಯಾವ ತಿಂಗಳು ಹಣ ಕಟ್ಟಿತು ಎಂಬುದೆಲ್ಲ ದಾಖಲಾಗಿರುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನೇ ನೋಡುತ್ತಾರೆ. ಸಿಕ್ಕಿಬಿದ್ದರೆ ಆ ಕೆಲಸ ಮಾತ್ರವಲ್ಲ, ಮುಂದಿನ ಕೆಲಸವೂ ಕಷ್ಟ.

ಡಿಗ್ರಿಗೆ ಮೊದಲೇ ಅನುಭವ ಪಡೆಯುವ ಸರಿಯಾದ ದಾರಿಗಳೂ ಇವೆ. ಎಚ್‌ಸಿಎಲ್‌ನ ಟೆಕ್‌ಬೀ ಕಾರ್ಯಕ್ರಮಕ್ಕೆ ಪಿಯುಸಿ ಮುಗಿದ ಕೂಡಲೇ ಸೇರಬಹುದು, ಐಟಿ ಹುದ್ದೆಗಾದರೆ ಗಣಿತ ಅಥವಾ ಬಿಸಿನೆಸ್ ಮ್ಯಾಥ್ಸ್ ಓದಿರಬೇಕು. ಸುಮಾರು ಒಂದು ಲಕ್ಷ ಶುಲ್ಕ, ಒಂದು ವರ್ಷ ತರಬೇತಿ, ನಂತರ ವರ್ಷಕ್ಕೆ 1.7ರಿಂದ 2.2 ಲಕ್ಷದ ಕೆಲಸ, ಜೊತೆಗೆ ದೂರದಿಂದ ಪದವಿ ಓದುವ ಅವಕಾಶ. ತಮಿಳುನಾಡಿನ ಜೋಹೋ ಕಂಪನಿ ಸುಮಾರು ಎರಡು ದಶಕಗಳಿಂದ ತನ್ನದೇ ಶಾಲೆ ನಡೆಸುತ್ತಿದೆ. ಶುಲ್ಕವಿಲ್ಲ, ಬದಲಿಗೆ ವಿದ್ಯಾರ್ಥಿಗೇ ತಿಂಗಳ ಭತ್ಯೆ ಕೊಡುತ್ತಾರೆ. ವಿಪ್ರೋದಲ್ಲಿ ಬಿಸಿಎ, ಬಿಎಸ್ಸಿ ಮುಗಿಸಿದವರು ಕೆಲಸ ಮಾಡುತ್ತಲೇ ಕಂಪನಿಯ ಖರ್ಚಿನಲ್ಲಿ ಎಂ.ಟೆಕ್ ಮಾಡಬಹುದು, ಬದಲಿಗೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು. ಬಿಕಾಂನವರಿಗೆ ಆ ಬಾಗಿಲು ಇಲ್ಲ.

ಟೆಕ್‌ಬೀ ಸೇರಿದವಳನ್ನೂ ಬಿಸಿಎ ಸೇರಿದವಳನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡೋಣ. ಬಿಸಿಎ ಮುಗಿಯುವ ಹೊತ್ತಿಗೆ ಮೊದಲನೆಯವಳು ಎರಡು ವರ್ಷ ದುಡಿದು ಸುಮಾರು 4 ಲಕ್ಷ ಗಳಿಸಿರುತ್ತಾಳೆ. ಬಿಸಿಎಯವಳು 2.5 ಲಕ್ಷಕ್ಕೆ ಸೇರಿದರೆ ಆ ದಿನ ಇಬ್ಬರ ಸಂಬಳ ಹೆಚ್ಚು ಕಡಿಮೆ ಒಂದೇ. ಹಾಗಾದರೆ ಮೊದಲನೆಯವಳೇ ಗೆದ್ದಳಲ್ಲ? ಅವಳು ಕೆಲಸದ ಜೊತೆಗೆ ಪದವಿಯನ್ನೂ ಮುಗಿಸಿದರೆ, ಹೌದು. ದಣಿದು ಅರ್ಧಕ್ಕೆ ಬಿಟ್ಟರೆ, ಎರಡನೇ ಕಂಪನಿಯ ಅರ್ಜಿ ನಮೂನೆಯಲ್ಲಿ 'ಪದವಿ' ಎಂಬ ಖಾನೆ ಅವಳಿಗಾಗಿ ಕಾದಿರುತ್ತದೆ. ಮನೆಯಲ್ಲಿ ಈ ತಿಂಗಳ ಬಾಡಿಗೆಯೇ ಕಷ್ಟವಾಗಿರುವವರಿಗೆ ಈ ಗಂಡಾಂತರ ತೆಗೆದುಕೊಳ್ಳಲೇಬೇಕಾಗಬಹುದು, ಅವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಹುಡುಗಿಯರ ವಿಷಯದಲ್ಲಿ ಒಂದು ಮಾತು ಯಾವ ಸಂಬಳದ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮಲ್ಲಿ ಹಲವರಿಗೆ ಊರಿನ ಕಾಲೇಜಿಗೆ ಹೋಗಲು ಮನೆಯಲ್ಲಿ ಒಪ್ಪುತ್ತಾರೆ, ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಮಾಡಲು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸನದು ಊರಲ್ಲೇ ಸಿಗುತ್ತದೆ, ತಜುರ್ಬಾ ಊರು ಬಿಡಿಸುತ್ತದೆ. ಆದ್ದರಿಂದ 'ಅನುಭವವೇ ಮುಖ್ಯ' ಎಂದು ಹುಡುಗರು ಹೇಳುವಾಗ ಅದು ಅವರ ಮಟ್ಟಿಗೆ ಸರಿಯಾಗಿರಬಹುದು. ನಮಗೆ ಪದವಿಯ ಮೂರು ವರ್ಷ ಓದಿಗೆ ಮಾತ್ರವಲ್ಲ, ಮನೆಯವರೊಂದಿಗೆ ಮಾತಾಡುವುದಕ್ಕೂ ಬೇಕಾದ ಸಮಯ. 'ಡಿಗ್ರಿ ಆಗಲಿ, ಆಮೇಲೆ ನೋಡೋಣ' ಎಂಬ ಅಮ್ಮಿಯ ಮಾತನ್ನು ನಾನು ಹಾಗೆಯೇ ಅರ್ಥ ಮಾಡಿಕೊಂಡಿದ್ದೇನೆ.

ವಾಣಿಜ್ಯದವರಿಗೆ ಐಟಿಯಲ್ಲಿ ಇಂಜಿನಿಯರಿಗಿಲ್ಲದ ಒಂದು ಜಾಗ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಬೆಂಗಳೂರಿನ ಟ್ಯಾಲಿ ಕಂಪನಿ 1986ರಲ್ಲಿ ಹುಟ್ಟಿದ್ದೇ ವ್ಯಾಪಾರದ ಲೆಕ್ಕ ಇಡಲು ಸರಿಯಾದ ತಂತ್ರಾಂಶ ಸಿಗದ ತೊಂದರೆಯಿಂದ. ಇಂದು ದೊಡ್ಡ ಕಂಪನಿಗಳ ಲೆಕ್ಕಪತ್ರ ಎಸ್‌ಎಪಿ, ಒರಾಕಲ್‌ನಂಥ ತಂತ್ರಾಂಶಗಳಲ್ಲಿ ನಡೆಯುತ್ತದೆ. ಅದನ್ನು ಕಂಪನಿಗೆ ಅಳವಡಿಸುವಾಗ ಕೋಡ್ ಬರೆಯುವವರು ಎಷ್ಟು ಬೇಕೋ, ಡೆಬಿಟ್ ಕ್ರೆಡಿಟ್, ಜಿಎಸ್‌ಟಿ, ಕ್ರೋಡೀಕೃತ ಲೆಕ್ಕಪತ್ರ ತಿಳಿದವರು ಅಷ್ಟೇ ಬೇಕು. ಮಾಹಿತಿ ವ್ಯವಸ್ಥೆಯ ಲೆಕ್ಕಪರಿಶೋಧನೆಗೆ ಸಿಐಎಸ್‌ಎ ಎಂಬ ಸರ್ಟಿಫಿಕೇಟು ಇದೆ. ಅದಕ್ಕೂ 5 ವರ್ಷದ ಅನುಭವ ಬೇಕು, ಓದಿನ ಆಧಾರದ ಮೇಲೆ ಗರಿಷ್ಠ 3 ವರ್ಷದವರೆಗೆ ರಿಯಾಯಿತಿ. ಸಿಎ ಆದವರಿಗೆ ಅವರ ಸಂಸ್ಥೆಯೇ ನಡೆಸುವ ಡಿಐಎಸ್‌ಎ ಕೋರ್ಸ್ ಇದೆ. ಈ ದಾರಿಯಲ್ಲಿ ಬಿಕಾಂ ಕೀಳಲ್ಲ.

ನನ್ನನ್ನು ಕೇಳಿದರೆ, ನಮ್ಮ ಸ್ಥಿತಿಯಲ್ಲಿರುವವರಿಗೆ ಪದವಿ ಮೊದಲು. ಸಂಬಳವನ್ನು ಬಹಳ ಏರಿಸುತ್ತದೆ ಎಂದಲ್ಲ, ಅದು ಇಲ್ಲದಿದ್ದರೆ ಉಳಿದ ಎರಡನ್ನೂ ಕಡಿಮೆ ದರಕ್ಕೆ ಕೊಳ್ಳುತ್ತಾರೆ ಎಂಬ ಕಾರಣಕ್ಕೆ. ದುಬಾರಿ ಸರ್ಟಿಫಿಕೇಟು ಕೆಲಸ ಸಿಕ್ಕ ಮೇಲೆ. ಪದವಿಯ ಆ ಮೂರು ವರ್ಷದಲ್ಲಿ ಹುನರನ್ನು ಅಗ್ಗದಲ್ಲಿ ಅಥವಾ ಉಚಿತವಾಗಿ ಸಂಪಾದಿಸಬೇಕು. ನಿರುದ್ಯೋಗಿಗಳಿಗೆ ಕೊಡುವ ಯುವನಿಧಿಯಲ್ಲೂ ಸರ್ಕಾರ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ಎಂದು ಬೆಲೆ ಕಟ್ಟಿದೆ. ಕೆಲಸವಿಲ್ಲದಿರುವಾಗಲೂ ಸನದಿಗೆ ದುಪ್ಪಟ್ಟು! ಎಂಸಿಎ ಯೋಚನೆ ಇರುವವರು ಗಮನಿಸಿ: ಬಿಕಾಂ ನಂತರವೂ ಅದಕ್ಕೆ ಹೋಗಬಹುದು, ಆದರೆ ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಓದಿರಬೇಕೆಂದು ಕೇಳಬಹುದು. ಪದವಿ ಅರ್ಜಿಯಲ್ಲಿ ವಿಷಯ ಆರಿಸುವ ದಿನವೇ ಇದನ್ನು ನೋಡಿಕೊಳ್ಳಬೇಕು.

ಅನುಭವ ಎಲ್ಲಿಂದ ಎಂದು ಕೇಳುವವರಿಗೆ ಒಂದು ವಿಷಯ. ನಮ್ಮ ತರಗತಿಯಲ್ಲೇ ಕೆಲವರು ಸಂಜೆ ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಟ್ಯಾಲಿಯಲ್ಲಿ ಬಿಲ್ ಹಾಕುತ್ತಾರೆ, ಜಿಎಸ್‌ಟಿ ರಿಟರ್ನ್‌ಗೆ ಪಟ್ಟಿ ಮಾಡಿಕೊಡುತ್ತಾರೆ. ಇದನ್ನು ಯಾರೂ ಅನುಭವ ಎಂದು ಕರೆಯುತ್ತಿಲ್ಲ, ಮಾಡುವವರೂ ಕರೆಯುತ್ತಿಲ್ಲ. ಬಿಡುವ ಮೊದಲು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಯಾವ ತಂತ್ರಾಂಶ, ತಿಂಗಳಿಗೆ ಸುಮಾರು ಎಷ್ಟು ಬಿಲ್, ಅಂಗಡಿಯ ಜಿಎಸ್‌ಟಿ ಸಂಖ್ಯೆ, ಸಹಿ, ಮೊಹರು. 'ಒಳ್ಳೆಯ ಹುಡುಗಿ, ಪ್ರಾಮಾಣಿಕಳು' ಎಂಬ ಸಾಲನ್ನು ಅವರಾಗಿಯೇ ಸೇರಿಸುತ್ತಾರೆ, ಅದಿರಲಿ, ಆದರೆ ದಿನಾಂಕಗಳನ್ನು ಬಿಡಬೇಡಿ.